ಸಾಕ್ಷಿಗೂದಲಿಗೆ ಇಸ್ತ್ರಿ

ಶನಿವಾರ ಬೆಳಿಗ್ಗೆ ಒಂಬತ್ತೂವರೆ. ನನ್ನ ತಂಗಿ ವಾರಿಜಾ ಕೂದಲು ನೇರ ಮಾಡಿಸಿಕೊಂಡರೆ ಮದುವೆ, ಇಲ್ಲದಿದ್ದರೆ ಇಲ್ಲ ಎಂದು ಗಂಡಿನ ಕಡೆಯವರು ನಮ್ಮ ಮನೆಯ ಹಜಾರದಲ್ಲಿ ಕೂತು ಹೇಳಿದರು. ಉಪ್ಪಿಟ್ಟು ತಿಂದು ಮುಗಿಸಿದ ಮೇಲೆ ಹೇಳಿದರು.

ಹೇಳಿದವರು ಗಂಡಿನ ತಾಯಿ ಸರ್ವಮಂಗಳಮ್ಮ. ದಪ್ಪ ಕನ್ನಡಕ, ಬಿಗಿಯಾದ ತುರುಬು, ಮಾತಿಗೊಮ್ಮೆ ಸೆರಗು ಸರಿಪಡಿಸಿಕೊಳ್ಳುವ ಅಭ್ಯಾಸ. ಅವರ ಪಕ್ಕದಲ್ಲಿ ಮಗ ಪ್ರಸನ್ನಕುಮಾರ, ನೆಲದ ಟೈಲ್ಸ್ ಮಾರುವ ಅಂಗಡಿಯವನು, ತನ್ನ ಮೊಣಕಾಲು ನೋಡಿಕೊಂಡು ಕೂತಿದ್ದ.

"ನಾಲ್ಕು ಗೋಡೆ ಒಳಗೆ ಆಡೋ ಮಾತು ಇರ್ತಾವಲ್ಲ" ಎಂದರು ಸರ್ವಮಂಗಳಮ್ಮ. "ಅವೆಲ್ಲ ಸೊಸೆ ತಲೇಲಿ ಹೋಗಿ ಕೂತ್ರೆ ಮನೆ ನಡೆಯೋದು ಹೇಗೆ? ಪೇಟೇಲಿ ಹೊಸ ಸಲೂನ್ ಬಂದಿದೆಯಂತೆ. ಆರು ತಿಂಗಳು ರೇಷ್ಮೆ ಥರ ಇರತ್ತಂತೆ."

"ನಿಮ್ಮ ಮಗ ಏನಂತಾರೆ?" ಎಂದು ಕೇಳಿದೆ.

"ನಂದೇನೂ ಇಲ್ಲ ಅಕ್ಕಾ" ಎಂದ ಪ್ರಸನ್ನಕುಮಾರ. "ವಾರಿಜಾ ಹೇಗಿದ್ರೂ ನಂಗೆ ಸರಿ. ಅಮ್ಮನ ಮನಸ್ಸಿಗೆ ನೋವಾಗಬಾರದು, ಅಷ್ಟೇ."

ವಾರಿಜಾ ಅವನ ಕಡೆ ನೋಡಿ ನಕ್ಕಳು. ಸರ್ವಮಂಗಳಮ್ಮ ಸೆರಗು ಸರಿಪಡಿಸಿಕೊಂಡರು. ನಾನು ಮನಸ್ಸಿನಲ್ಲೇ ಆ ಹೆಂಗಸಿನ ಬಗ್ಗೆ ಒಂದು ತಲೆಬರಹ ಬರೆದೆ. ಅದು ಅಚ್ಚು ಮಾಡುವಂಥದ್ದಲ್ಲ.

ನಮ್ಮ ಊರಿನಲ್ಲಿ ಕೂದಲು ಮಾತು ಹಿಡಿಯುತ್ತದೆ. ಗುಂಗುರು ಕೂದಲು ವರ್ಷಗಟ್ಟಲೆ ಹಿಡಿದಿಡುತ್ತದೆ, ಅಲೆಯಲೆಯಾದದ್ದು ಎರಡು ಮೂರು ದಿನ, ನೇರವಾದದ್ದು ಹಿಡಿಯುವುದೇ ಇಲ್ಲ. ಸಣ್ಣ ಹಲ್ಲಿನ ಬಾಚಣಿಗೆ ಎಳೆದರೆ ಮಾತು ಆಡಿದವರ ದನಿಯಲ್ಲೇ ಹೊರಗೆ ಬರುತ್ತದೆ, ಬಂದ ಮೇಲೆ ಅಲ್ಲಿ ಉಳಿಯುವುದಿಲ್ಲ. ಆದ್ದರಿಂದ ಊರಿನ ಹೆಂಗಸರು ಬೆಳಿಗ್ಗೆ ಹಿತ್ತಲಲ್ಲಿ, ದನಿ ಆಚೆ ಕೇಳದಿರಲೆಂದು, ನೀರಿನ ಪಂಪು ಹಾಕಿಕೊಂಡು ತಲೆ ಬಾಚುತ್ತಾರೆ. ಟ್ಯಾಂಕು ತುಂಬಿ ಹರಿದರೂ ಪಂಪು ನಿಲ್ಲುವುದಿಲ್ಲ. ಬಸ್ಸಿನಲ್ಲಿ ಗುಂಗುರು ತಲೆಯವರ ಹಿಂದಿನ ಸೀಟು ಖಾಲಿಯಿರುತ್ತದೆ. ಮಗುವಿನ ಮೊದಲ ಕೂದಲು ತೆಗೆಸುವ ದಿನ, ಬಾಣಂತಿಕೋಣೆಯಲ್ಲಿ ಯಾರು ಯಾರನ್ನು ಬೈದಿದ್ದರು ಎಂಬುದು ನೆಂಟರೆಲ್ಲರಿಗೂ ತಿಳಿಯುತ್ತದೆ. ಊಟಕ್ಕೆ ಮುಂಚೆಯೇ ಎದ್ದು ಹೋಗುವ ನೆಂಟರು ಇದ್ದೇ ಇರುತ್ತಾರೆ, ಅಡುಗೆಯವರು ಅದನ್ನು ಅಂದಾಜು ಮಾಡಿಯೇ ಅಕ್ಕಿ ಹಾಕುತ್ತಾರೆ.

ನನ್ನದು ಅಲೆಗೂದಲು. ಊರಿನ ಸಂಜೆ ಪತ್ರಿಕೆಗೆ ಅದು ಸಾಕು. ಸಭೆಗೆ ಹೋಗುತ್ತೇನೆ, ಕೇಳುತ್ತೇನೆ, ಕಚೇರಿಗೆ ಬಂದು ಬಾಚಿ ಬರೆಯುತ್ತೇನೆ. ನಮ್ಮ ಸಂಪಾದಕ ಶೇಷಗಿರಿಯವರದು ಬೋಳು ತಲೆ. ತಮ್ಮ ನಿಷ್ಪಕ್ಷಪಾತಕ್ಕೆ ಅದೇ ಕಾರಣ ಎಂದು ಅವರು ಭಾಷಣಗಳಲ್ಲಿ ಹೇಳುತ್ತಾರೆ. ಸಂಬಳ ಹೆಚ್ಚಿಸುತ್ತೇನೆ ಎಂದದ್ದು ನೆನಪಿಲ್ಲದಿರುವುದಕ್ಕೂ ಅದೇ ಕಾರಣ.

ವಾರಿಜಾಳದು ಬೇರೆ ದರ್ಜೆ. ಹತ್ತಿರದಿಂದ ನೋಡಿದರೆ ಸ್ಪ್ರಿಂಗು ಸ್ಪ್ರಿಂಗಾಗಿ ಸುತ್ತಿಕೊಂಡ, ಬೆರಳು ಹಾಕಿದರೆ ಬಿಡದ ಕೂದಲು. ಅವಳು ಸಾಕ್ಷಿಮನೆಯಲ್ಲಿ ಕೆಲಸ ಮಾಡುತ್ತಾಳೆ. ನಮ್ಮಲ್ಲಿ ಮನೆ ಬಾಡಿಗೆ, ದನದ ವ್ಯಾಪಾರ, ಅಣ್ಣತಮ್ಮಂದಿರ ಪಾಲು ಯಾವುದನ್ನೂ ಕಾಗದದ ಮೇಲೆ ಬರೆಯುವುದಿಲ್ಲ. ಎರಡೂ ಕಡೆಯವರು ಸಾಕ್ಷಿಮನೆಗೆ ಬಂದು ಅವಳ ತಲೆಯ ಒಂದು ಎಳೆಯ ಹತ್ತಿರ ಬಾಯಿಟ್ಟು ಒಪ್ಪಂದ ಹೇಳುತ್ತಾರೆ, ಅವಳು ಆ ಎಳೆಗೆ ಬಣ್ಣದ ದಾರ ಕಟ್ಟುತ್ತಾಳೆ. ತಕರಾರು ಬಂದರೆ ಎಲ್ಲರ ಎದುರಿಗೆ ಆ ಎಳೆ ಬಾಚುತ್ತಾರೆ. ಹತ್ತು ವರ್ಷದಲ್ಲಿ ಅವಳ ತಲೆಯಿಂದ ಒಂದು ಮಾತೂ ತಪ್ಪಾಗಿ ಬಂದಿಲ್ಲ. ಈ ಊರಿನಲ್ಲಿ ಇಷ್ಟು ನಂಬಿಕೆಯ ತಲೆ ಇನ್ನೊಂದಿಲ್ಲ. ಆ ತಲೆಗೆ ಇಸ್ತ್ರಿ ಹಾಕಿಸು ಎಂದು ಟೈಲ್ಸ್ ಅಂಗಡಿಯವರು ಹೇಳಿ, ಕಾಫಿಯನ್ನೂ ಕುಡಿದು ಹೋದರು.

"ಅಕ್ಕ, ಆ ಮುಖ ಮಾಡ್ಬೇಡ" ಎಂದಳು ವಾರಿಜಾ, ತಟ್ಟೆಗಳನ್ನು ಎತ್ತುತ್ತಾ.

"ಯಾವ ಮುಖ?"

"ಪುರಸಭೆ ಬಜೆಟ್ ಓದೋವಾಗ ಮಾಡ್ತೀಯಲ್ಲ, ಅದು."

"ಕೆಲಸ ಹೋಗತ್ತೆ ಕಣೇ."

"ಗೊತ್ತು. ಕೂದಲೇ ತಾನೇ, ಮತ್ತೆ ಬೆಳೆಯತ್ತೆ. ಪ್ರಸನ್ನ ಒಳ್ಳೆಯವರು. ಅಮ್ಮನ ಹಟಕ್ಕೆ ಅವರೇನು ಮಾಡ್ತಾರೆ? ನಿಂಗೆ ಇಲ್ಲೀವರೆಗೂ ಯಾರಾದ್ರೂ ಇಷ್ಟ ಆಗಿದಾರಾ, ಹೇಳು."

"ನಮ್ಮ ಎಡಿಟರ್ ಇಷ್ಟ ಇಲ್ಲ. ಅದಂತೂ ಖಚಿತ."

ಅವಳು ನಗಲಿಲ್ಲ. ತಟ್ಟೆಗಳನ್ನು ಅಲ್ಲೇ ಇಟ್ಟು ಕೂತಳು. "ನನ್ನ ಹತ್ರ ಯಾರೂ ಮಾತಾಡಲ್ಲ ಅಕ್ಕ. ಕೆಲಸಕ್ಕೆ ಬಂದೋರು ಒಪ್ಪಂದ ಹೇಳ್ತಾರೆ, ಬಾಯಿ ಮುಚ್ಕೊಂಡು ಹೋಗ್ತಾರೆ. ಮದುವೆ ಮನೇಲಿ ನಾನು ಹೋಗಿ ನಿಂತ್ರೆ ಹೆಂಗಸ್ರು ಹವಾಮಾನದ ಮಾತು ಶುರು ಮಾಡ್ತಾರೆ. ಪ್ರಸನ್ನ ಒಬ್ರೇ ನನ್ನ ಹತ್ರ ಕೂತು ಒಂದು ಗಂಟೆ ಮಾತಾಡಿದ್ದು. ಆ ಟ್ರೀಟ್‌ಮೆಂಟು ಸರಿಯಾ, ತಪ್ಪಾ, ನೀನು ವಿಚಾರಿಸು. ಅದು ನಿನ್ನ ಕೆಲಸ. ಮಾಡಿಸ್ಕೋಬೇಕಾ ಬೇಡ್ವಾ, ಅದು ನನ್ನ ಕೆಲಸ."

ನ್ಯಾಯವಾದ ಮಾತು. ಸೋಮವಾರ ಸಲೂನಿಗೆ ಹೋದೆ.

ಅದರ ಒಡತಿಯ ಹೆಸರು ಪ್ರಫುಲ್ಲಾ. ಬೋರ್ಡಿನ ಮೇಲೆ ಪ್ರಫ್ಫಿ ಎಂದಿತ್ತು. ಒಳಗೆ ಕಾಲಿಟ್ಟರೆ ಮೊದಲು ಸಿಗುವುದು ವಾಸನೆ. ಕಣ್ಣಲ್ಲಿ ನೀರು ತರಿಸುವ, ಶವಾಗಾರದ ವರದಿಗೆ ಹೋದಾಗ ಮಾತ್ರ ನಾನು ಕಂಡಿದ್ದ ವಾಸನೆ. ಆಮೇಲೆ ಸಿಗುವುದು ಹಾಡು. ನಾಲ್ಕು ಮೂಲೆಗೆ ನಾಲ್ಕು ಸ್ಪೀಕರು, ಎದೆ ನಡುಗುವಷ್ಟು ಜೋರು. ಗಿರಾಕಿಗಳ ಖುಷಿಗೆ ಎಂದು ಪ್ರಫ್ಫಿ ಮೇಡಂ ಕೂಗಿ ಹೇಳಿದರು. ಕೂದಲು ನೇರ ಮಾಡುವ ಬಿಸಿ ಪಟ್ಟಿಯ ನಡುವೆ ಎಳೆ ಸಿಕ್ಕಿದಾಗ ಅದರಲ್ಲಿದ್ದ ಮಾತೆಲ್ಲ ಒಟ್ಟಿಗೇ ಹೊರಗೆ ಬೀಳುತ್ತದೆ, ಅದು ಯಾರಿಗೂ ಕೇಳಬಾರದು ಎಂದು ಹಾಡು. ಇದನ್ನು ಅವರು ಹೇಳಲಿಲ್ಲ. ನಾನು ಸ್ಪೀಕರಿಗೂ ಕುರ್ಚಿಗೂ ನಡುವೆ ನಿಂತು ತಿಳಿದುಕೊಂಡೆ.

"ಈ ಔಷಧಿಯಲ್ಲಿ ಏನಿದೆ?" ಎಂದು ಕೇಳಿದೆ.

"ಪ್ರೋಟೀನ್ ಮೇಡಂ."

"ಯಾವುದರ ಪ್ರೋಟೀನು?"

"ಇಂಪೋರ್ಟೆಡ್ ಪ್ರೋಟೀನು."

ಬಾಟಲಿಯ ಮೇಲಿನ ಚೀಟಿ ಯಾವ ಲಿಪಿಯಲ್ಲಿದೆ ಎಂದು ಅವರಿಗೂ ತಿಳಿದಿರಲಿಲ್ಲ. ನನಗೆ ಆರು ತಿಂಗಳು ನಿಲ್ಲುತ್ತದೆ ಎಂದರು. ಪಕ್ಕದ ಕುರ್ಚಿಯ ಹೆಂಗಸಿಗೆ ಒಂದು ವರ್ಷ ಎಂದರು. ನಾನು ಎರಡನ್ನೂ ಎತ್ತಿ ತೋರಿಸಿದಾಗ, "ಮೇಂಟೇನ್ ಮಾಡೋದ್ರ ಮೇಲಿದೆ ಮೇಡಂ" ಎಂದರು. ಮೇಂಟೇನ್ ಎಂದರೆ ಮೂರು ದಿನ ನೀರು ಸೋಕಿಸುವಂತಿಲ್ಲ, ಕಟ್ಟುವಂತಿಲ್ಲ, ಕಿವಿಯ ಹಿಂದಕ್ಕೆ ಸರಿಸುವಂತಿಲ್ಲ. ಆಮೇಲೆ ಅವರಲ್ಲೇ ಸಿಗುವ ಶಾಂಪೂ ಬಿಟ್ಟು ಬೇರೆ ಮುಟ್ಟುವಂತಿಲ್ಲ. ಇಷ್ಟಕ್ಕೆ ವಾರಿಜಾಳ ಒಂದು ತಿಂಗಳ ಸಂಬಳಕ್ಕಿಂತ ಸ್ವಲ್ಪ ಹೆಚ್ಚು. ಹುಟ್ಟಿದ ಮಗುವನ್ನೂ ಇಷ್ಟು ಜೋಪಾನವಾಗಿ ಯಾರೂ ನೋಡಿಕೊಳ್ಳುವುದಿಲ್ಲ.

ಮಾಡಿಸಿಕೊಂಡವರನ್ನು ಹುಡುಕಿ ಮಾತಾಡಿಸಿದೆ. ಅಂಚೆ ಕಚೇರಿಯ ಹತ್ತಿರದ ಒಬ್ಬಾಕೆ ತಮ್ಮ ಬಾಚಣಿಗೆಯನ್ನೇ ತೋರಿಸಿದರು. ಅದರಲ್ಲಿ ಮಾತಿರಲಿಲ್ಲ, ಬುಡಸಮೇತ ಬಂದ ಕೂದಲಿತ್ತು. ಇನ್ನೊಬ್ಬಾಕೆ, ತನಗೆ ತುಂಬ ಚೆನ್ನಾಗಿ ಆಗಿದೆ ಎಂದು ಹೇಳುವಾಗ ನೆತ್ತಿಯನ್ನು ಸೆರಗಿನಿಂದ ಮುಚ್ಚಿಕೊಂಡೇ ಇದ್ದರು. ನೆಟ್ಟಗಿನ ಕೂದಲು ಹುಟ್ಟಿನಿಂದ ಬಂದವರು ಮಾಡಿಸಿಕೊಂಡವರನ್ನು ಒಂದೇ ನೋಟಕ್ಕೆ ಗುರುತಿಸುತ್ತಿದ್ದರು, ಗುರುತಿಸಿ ಮೂಗು ಮುರಿಯುತ್ತಿದ್ದರು. ಯಾರ ಹಾಗೆ ಕಾಣಲು ಇಷ್ಟೆಲ್ಲ ಖರ್ಚೋ ಅವರೇ ನಗುವುದಾದರೆ, ವ್ಯಾಪಾರಕ್ಕೆ ಇದಕ್ಕಿಂತ ಒಳ್ಳೆಯ ಮೋಸ ಬೇಕಿಲ್ಲ.

ಆದರೆ ಶಾಲೆಯ ದಾಕ್ಷಾಯಿಣಿ ಟೀಚರ್ ಬೇರೆ ಹೇಳಿದರು. ಅವರ ಗುಂಗುರಿನಲ್ಲಿ ಸತ್ತುಹೋದ ಅತ್ತೆಯ ಬೈಗುಳ ಉಳಿದುಕೊಂಡಿತ್ತು. ಎಷ್ಟು ಬಾಚಿದರೂ ಬಾಚಣಿಗೆ ಮುಟ್ಟದ ಬುಡದಲ್ಲಿ ಸ್ವಲ್ಪ ಇದ್ದೇ ಇರುತ್ತಿತ್ತು, ತಲೆದಿಂಬಿಗೆ ಉಜ್ಜಿದಾಗಲೆಲ್ಲ ಕೇಳುತ್ತಿತ್ತು. "ಈಗ ಇಲ್ಲ. ಕೂದಲು ಹಾಳಾಯ್ತು ಅಂತ ಎಲ್ರೂ ಅಂತಾರೆ, ಆಗ್ಲಿ ಬಿಡಿ. ನಾನು ನಿದ್ದೆ ಮಾಡ್ತೀನಿ" ಎಂದರು. ಅದನ್ನೂ ಹಾಗೆಯೇ ಬರೆದುಕೊಂಡೆ. ನನಗೆ ಬೇಕಾದದ್ದನ್ನು ಮಾತ್ರ ಬರೆಯುವುದಾದರೆ ನಾನೂ ಒಂದು ಬಾಟಲಿ ಇಟ್ಟುಕೊಂಡು ಸಲೂನು ತೆರೆಯಬಹುದು.

ಶೇಷಗಿರಿಯವರು ವರದಿ ಓದಿ, "ಮುಖಪುಟದಲ್ಲಿ ಅವ್ರ ಜಾಹೀರಾತಿದೆ ಕಣಮ್ಮ" ಎಂದರು.

"ಅದಕ್ಕೇ ಒಳಪುಟಕ್ಕೆ ಬರೆದಿದೀನಿ ಸಾರ್."

"ಆ ಟೀಚರ್ ಹೇಳಿದ್ದು ಚೆನ್ನಾಗಿದೆ. ಅದಿಷ್ಟು ಹಾಕೋಣ."

ಅದಿಷ್ಟೇ ಹಾಕಿದರು. ಮರುದಿನ ಸಲೂನಿನ ಮುಂದೆ ಸಾಲು ಇನ್ನೂ ಉದ್ದವಾಯಿತು. ಪ್ರಫ್ಫಿ ಮೇಡಂ ಆ ತುಣುಕಿಗೆ ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿದರು, ಕೆಳಗೆ ನನ್ನ ಹೆಸರಿದ್ದಂತೆಯೇ.

ಪೂರ್ತಿ ವರದಿಯನ್ನು ವಾರಿಜಾಳಿಗೆ ಓದಿ ಹೇಳಿದೆ. ಅವಳು ಮಧ್ಯೆ ಬಾಯಿ ಹಾಕದೆ ಕೇಳಿದಳು. "ಅಂದ್ರೆ ದುಡ್ಡಿಗೆ ತಕ್ಕದ್ದಲ್ಲ" ಎಂದಳು.

"ಅಲ್ಲ."

"ಮದುವೆಗೆ?"

ಅದಕ್ಕೆ ನನ್ನಲ್ಲಿ ಸುದ್ದಿಮೂಲ ಇರಲಿಲ್ಲ.

ಆ ವಾರ ಅವಳು ತನ್ನ ತಲೆಯನ್ನು ಖಾಲಿ ಮಾಡಿದಳು. ಸಾಕ್ಷಿಮನೆಯ ನಿಯಮ ಹಾಗಿದೆ: ಬಿಟ್ಟುಹೋಗುವವರು ತಮ್ಮಲ್ಲಿರುವುದನ್ನು ಇನ್ನೊಂದು ತಲೆಗೆ ಒಪ್ಪಿಸಬೇಕು. ಹೊಸದಾಗಿ ಸೇರಿದ್ದ ಹುಡುಗಿಯೊಬ್ಬಳ ಪಕ್ಕದಲ್ಲಿ ಕಿವಿಗೆ ಕಿವಿ ತಾಗುವ ಹಾಗೆ ಕೂತು, ಒಂದೊಂದೇ ದಾರ ಬಿಚ್ಚಿ ಬಾಚಿಸಿದಳು. ಇತ್ತ ಬಾಚಿದ ಮಾತನ್ನು ಅತ್ತ ಆ ಹುಡುಗಿಯ ಎಳೆ ಕೇಳಿಸಿಕೊಂಡು ಹಿಡಿಯಿತು. ಎಮ್ಮೆಗಳು, ಹಿತ್ತಲುಗಳು, ಬಾಡಿಗೆ ಮನೆಗಳು, ಇಬ್ಬರು ಅಣ್ಣತಮ್ಮಂದಿರು ಒಂದು ಬಾವಿಯ ಬಗ್ಗೆ ಆಡಿದ ಮಾತು. ಶುಕ್ರವಾರ ಸಂಜೆ ಮನೆಗೆ ಬಂದವಳ ತಲೆಯಲ್ಲಿ ಒಂದು ದಾರವೂ ಇರಲಿಲ್ಲ. ಕೈಯಿಂದ ತಲೆ ಮುಟ್ಟಿ ಮುಟ್ಟಿ ನೋಡಿಕೊಳ್ಳುತ್ತಿದ್ದಳು.

ಶನಿವಾರ ನಾವಿಬ್ಬರೂ ಸಲೂನಿಗೆ ಹೋದಾಗ ಸರ್ವಮಂಗಳಮ್ಮ ಆಗಲೇ ಬಂದು ಕೂತಿದ್ದರು. ಪ್ರಸನ್ನಕುಮಾರ ಹೊರಗೆ ಸ್ಕೂಟರಿನ ಮೇಲೆ ಕೂತಿದ್ದ, ಒಳಗೆ ಬರಲಿಲ್ಲ. ಗಂಡಸರು ಒಳಗೆ ಬರುವಂತಿಲ್ಲ ಎಂಬ ಬೋರ್ಡೇನೂ ಅಲ್ಲಿರಲಿಲ್ಲ.

"ಕಾವಲಿಗೆ ಬಂದ್ರಾ?" ಎಂದು ನಾನು ಸರ್ವಮಂಗಳಮ್ಮನವರನ್ನು ಕೇಳಿದೆ.

"ನಾನೂ ಮಾಡಿಸ್ಕೋತೀನಿ" ಎಂದರು ಅವರು. "ಸೊಸೆಗೆ ಹೇಳಿ ನಾನು ಸುಮ್ನೆ ಕೂರೋದು ಸರಿಯಲ್ಲ. ಮೊದ್ಲು ನನಗೇ ಮಾಡಿ."

ಈ ವಯಸ್ಸಿನಲ್ಲಿ ಈ ಷೋಕಿ ಎಂದುಕೊಂಡೆ. ಇಬ್ಬರಿಗೆ ರಿಯಾಯಿತಿ ಇದೆ ಎಂದು ಪ್ರಫ್ಫಿ ಮೇಡಂ ಕುಣಿದಾಡಿದರು. ಸರ್ವಮಂಗಳಮ್ಮ ಕುರ್ಚಿಯಲ್ಲಿ ಕೂತು ತುರುಬು ಬಿಚ್ಚಿದರು. ಅಷ್ಟು ಬಿಗಿಯಾದ ತುರುಬಿನೊಳಗೆ ಇಷ್ಟು ಕೂದಲಿರುತ್ತದೆ ಎಂದು ನಾನು ಎಣಿಸಿರಲಿಲ್ಲ. ನರೆತದ್ದು, ಅಲೆಯಲೆಯಾದದ್ದು, ಗಂಟುಗಂಟಾದದ್ದು.

"ನಿಧಾನ ಕಣಮ್ಮ" ಎಂದರು. "ಗುರುವಾರದಿಂದ ಬಾಚಿಲ್ಲ."

ಊರಿನಲ್ಲಿ ಎರಡು ದಿನ ತಲೆ ಬಾಚದೆ ಮನೆಯಿಂದ ಹೊರಡುವ ಹೆಂಗಸನ್ನು ನಾನು ಕಂಡಿಲ್ಲ. ಪ್ರಫ್ಫಿ ಮೇಡಂ ಔಷಧಿ ಬಳಿದರು, ಒಣಗಿಸಿದರು, ಬಿಸಿ ಪಟ್ಟಿ ಕೈಗೆ ತೆಗೆದುಕೊಂಡರು. ಆಗ ಸರ್ವಮಂಗಳಮ್ಮ ಕಣ್ಣು ಮುಚ್ಚಿಕೊಂಡೇ, "ಆ ಹಾಡು ನಿಲ್ಸಮ್ಮ, ತಲೆ ಸಿಡೀತಿದೆ" ಎಂದರು.

"ಅಮ್ಮಾ, ಹಾಡು ಇಲ್ದೆ ನಾವು ಮಾಡಲ್ಲ."

"ಹಾಗಾದ್ರೆ ನಾನು ಎದ್ದೆ. ಇವಳೂ ಎದ್ದಳು."

ಇಬ್ಬರು ಗಿರಾಕಿಗಳು ಒಟ್ಟಿಗೆ ಎದ್ದುಹೋಗುವ ಯೋಚನೆ ಪ್ರಫ್ಫಿ ಮೇಡಂ ಅವರಿಗೆ ಸಹಿಸಲಾಗಲಿಲ್ಲ. ಹಾಡು ನಿಂತಿತು. ಎಡಗಡೆಯ ಮೊದಲ ಎಳೆ ಪಟ್ಟಿಯ ನಡುವೆ ಸಿಕ್ಕಿತು, ಹೊಗೆ ಎದ್ದಿತು, ಹೊಗೆಯ ಜೊತೆ ಪ್ರಸನ್ನಕುಮಾರನ ದನಿ ಬಂತು.

"ಹಟ ನಿಂದೇ ಅಂತ ಇರ್ಲಿ ಅಮ್ಮಾ. ನಾಳೆ ಅಲ್ಲ ನಾಡಿದ್ದು ಮುಗಿದುಹೋಗತ್ತೆ."

ಸಲೂನಿನಲ್ಲಿ ಕೂತಿದ್ದ ಎಲ್ಲರೂ ತಲೆ ಎತ್ತಿದರು. ಪ್ರಫ್ಫಿ ಮೇಡಂ ಕೈ ತಡೆದರು.

"ನಿಲ್ಲಿಸ್ಬೇಡ" ಎಂದರು ಸರ್ವಮಂಗಳಮ್ಮ.

ಎರಡನೆಯ ಎಳೆಯಲ್ಲಿ ಅವರದೇ ದನಿ ಇತ್ತು. "ನಿನ್ನ ಮಾತು ನೀನೇ ಆಡೋ ಪ್ರಸನ್ನ. ಆ ಹುಡುಗಿ ಮುಖ ನೋಡಕ್ಕೆ ನಂಗಾಗಲ್ಲ. ಕೂದಲು ಹೀಗೇ ಇರ್ಲಿ ಬಿಡು, ನಂಗೇನು?"

ಮೂರನೆಯದು ಮತ್ತೆ ಮಗನದು. "ನಾನ್ ಹೇಳಿದ್ರೆ ಅವಳ ಅಕ್ಕ ನನ್ನ ಬಿಡ್ತಾಳಾ? ನೀನ್ ಹೇಳಿದ್ರೆ ಅತ್ತೆ ಅಂದ್ರೆ ಹಾಗೇ ಅಂದ್ಕೊಂಡು ಸುಮ್ನಾಗ್ತಾರೆ. ನಾಳೆ ಮನೇಲಿ ನಾನೊಂದು ಮಾತು ಅಂದೆ ಅಂತ ಇಟ್ಕೋ, ವರ್ಷ ಆದ್ಮೇಲೂ ನನ್ನ ಮುಂದೇನೇ ಬಾಚಿ ಕೇಳಿಸ್ತಾಳೆ. ಆಡಿದ್ದನ್ನ ಆಡೇ ಇಲ್ಲ ಅನ್ನೋಕೂ ಆಗಲ್ಲ. ಅಂಥ ತಲೆ ಇಟ್ಕೊಂಡು ಯಾವನು ಸಂಸಾರ ಮಾಡ್ತಾನೆ?"

ಪ್ರಫ್ಫಿ ಮೇಡಂ ಓಡಿಹೋಗಿ ಹಾಡು ಹಾಕಿದರು. ಸರ್ವಮಂಗಳಮ್ಮ ಕಣ್ಣು ತೆರೆದು ಕನ್ನಡಿಯಲ್ಲಿ ವಾರಿಜಾಳನ್ನು ನೋಡಿದರು. ಒಂದು ವಾರ ನಾನು ಈ ಹೆಂಗಸನ್ನು ಮನಸ್ಸಿನಲ್ಲಿ ಸುಟ್ಟು ಸುಣ್ಣ ಮಾಡಿದ್ದೆ. ಹೇಳಿದವರು ಯಾರು ಎಂಬುದನ್ನು ಬರೆದುಕೊಂಡಿದ್ದೆ, ಹೇಳಿಸಿದವರು ಯಾರು ಎಂದು ಕೇಳಿರಲಿಲ್ಲ.

ವಾರಿಜಾ ಎದ್ದು ಹೊರಗೆ ಹೋದಳು. ನಾನು ಬಾಗಿಲವರೆಗೆ ಹೋಗಿ ನಿಂತೆ.

"ಮುಗೀತಾ?" ಎಂದ ಪ್ರಸನ್ನಕುಮಾರ, ಅವಳ ತಲೆ ನೋಡಿ. "ಇನ್ನೂ ಶುರುವೇ ಆಗಿಲ್ವಾ?"

"ಒಂದು ಮಾತು ಕೇಳ್ತೀನಿ" ಎಂದಳು ವಾರಿಜಾ. "ನನ್ನ ಕೂದಲು ನೇರ ಆಗ್ಬೇಕು ಅನ್ನೋದು ಯಾರ ಆಸೆ?"

"ಎಷ್ಟು ಸಲ ಹೇಳೋದು? ಅಮ್ಮಂದು."

ಅವಳು ತನ್ನ ಬಲಕಿವಿಯ ಮೇಲಿನ ಎಳೆಯೊಂದನ್ನು ಬೆರಳಲ್ಲಿ ಹಿಡಿದು ಅವನ ಕಡೆ ಬಾಗಿದಳು. ಸಾಕ್ಷಿಮನೆಯಲ್ಲಿ ದಿನಾ ಮಾಡುತ್ತಿದ್ದ ಹಾಗೆ. "ಇಲ್ಲಿ ಹೇಳಿ."

ಅವನು ಸ್ಕೂಟರಿನಿಂದ ಹಿಂದಕ್ಕೆ ಬೀಳುವುದೊಂದು ಬಾಕಿ. "ಏನಿದು ವಾರಿಜಾ, ರಸ್ತೇಲಿ..."

"ಅಮ್ಮಂದು ಅಂತ ಹೇಳಿ. ನಾನೀಗ ಹೋಗಿ ಮಾಡಿಸ್ಕೋತೀನಿ."

ಅವನು ಬಾಯಿ ತೆರೆದ. ಆ ಎಳೆಯನ್ನು ನೋಡಿದ. ಬಾಗಿಲಲ್ಲಿ ನಿಂತ ನನ್ನನ್ನು ನೋಡಿದ. ಆಮೇಲೆ ಅಂಗಡಿಗೆ ಲೋಡು ಬರುವ ಹೊತ್ತಾಯಿತು ಎಂದ. ಸ್ಕೂಟರು ಎರಡು ಸಲ ಒದ್ದ ಮೇಲೆ ಸ್ಟಾರ್ಟ್ ಆಯಿತು. ತಾಯಿಯನ್ನು ಮನೆಗೆ ಕರೆದುಕೊಂಡು ಹೋಗಬೇಕಿತ್ತು ಎಂಬುದು ಅವನಿಗೆ ನೆನಪಾಗಲಿಲ್ಲ.

ಸರ್ವಮಂಗಳಮ್ಮ ಹೊರಗೆ ಬಂದಾಗ ಅವರ ಎಡಗಡೆಯ ಒಂದಷ್ಟು ಕೂದಲು ಪೊರಕೆ ಕಡ್ಡಿಯಂತೆ ನೆಟ್ಟಗಿತ್ತು, ಉಳಿದದ್ದು ಅಲೆಯಾಗಿತ್ತು. ಮೂರು ದಿನ ಕಟ್ಟಬಾರದು ಎಂದು ಪ್ರಫ್ಫಿ ಮೇಡಂ ಒಳಗಿನಿಂದ ಕೂಗುತ್ತಿದ್ದರು. ಅವರು ಅಲ್ಲೇ ಮೆಟ್ಟಿಲ ಮೇಲೆ ನಿಂತು ಎರಡನ್ನೂ ಸೇರಿಸಿ ತುರುಬು ಕಟ್ಟಿದರು.

"ಚೆನ್ನಾಗಿ ಕಾಣ್ತಿದೆಯಾ?" ಎಂದು ನನ್ನನ್ನು ಕೇಳಿದರು.

"ಇಲ್ಲ" ಎಂದೆ.

"ಪೇಪರ್‌ನೋರು ನಿಜ ಹೇಳ್ತೀರಿ ಅಂತ ಕೇಳಿದ್ದೆ, ಇವತ್ತು ನೋಡಿದೆ."

ಅವರು ಆ ಮಧ್ಯಾಹ್ನ ನಮ್ಮ ಮನೆಯಲ್ಲಿ ಊಟ ಮಾಡಿದರು. ಹುಳಿಗೆ ಉಪ್ಪು ಕಡಿಮೆ ಎಂದರು, ನಿಜವಾಗಿಯೂ ಕಡಿಮೆ ಇತ್ತು. ವಾರಿಜಾ ಎರಡು ಸಲ ಅನ್ನ ಬಡಿಸಿದಳು, ತಾನು ಸರಿಯಾಗಿ ತಿನ್ನಲಿಲ್ಲ. ಊಟವಾದ ಮೇಲೆ ಹಿತ್ತಲಿಗೆ ಹೋಗಿ ಪಂಪು ಹಾಕಿದಳು. ತುಂಬ ಹೊತ್ತು ಅದು ಓಡುತ್ತಿತ್ತು.

ಭಾನುವಾರ ಪ್ರಸನ್ನಕುಮಾರ ಬರಲಿಲ್ಲ. ಅವನ ಚಿಕ್ಕಪ್ಪನೊಬ್ಬ ಬಂದು, ಹುಡುಗನಿಗೆ ಬೇಸರವಾಗಿದೆ, ಎಲ್ಲವನ್ನೂ ದೊಡ್ಡದು ಮಾಡಬಾರದು, ಬೇಕಿದ್ದರೆ ಕೂದಲು ಅರ್ಧ ನೇರ ಮಾಡಿಸಿದರೂ ಸಾಕಂತೆ ಎಂದು ಹೇಳಿದ. ಅವನಿಗೆ ನಾನು ಕಾಫಿ ಕೊಡಲಿಲ್ಲ. ಏನು ಹೇಳಿಕಳಿಸುತ್ತೀಯ ಎಂದು ಅವನು ವಾರಿಜಾಳನ್ನು ಕೇಳಿದ. ಏನೂ ಬೇಡ, ಹೇಳಿಕಳಿಸುವುದು ಸಾಕಾಗಿದೆ ಎಂದಳು.

ಸೋಮವಾರ ಬೆಳಿಗ್ಗೆ ಅಂಗಡಿ ತೆರೆದ ಕೂಡಲೇ ವಾರಿಜಾ ಒಬ್ಬಳೇ ಹೋಗಿ, ಟೈಲ್ಸ್ ನೋಡಲು ಬಂದಿದ್ದ ಗಿರಾಕಿಗಳ ಎದುರಿಗೆ, ನನಗೆ ಈ ಮದುವೆ ಬೇಡ ಎಂದು ಪ್ರಸನ್ನಕುಮಾರನಿಗೆ ತಾನೇ ಹೇಳಿ ಬಂದಳು.